ಪ್ರೇಕ್ಷಣೀಯ ಸ್ಥಳಗಳೂ ಭೂಮಾಲಿಕರ ಹೊಣೆಯೂ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯ ಮೇಲಿರುವ ಬೈರಿದೇವರಕೊಪ್ಪವು ಹಿಂದೆ ಒಕ್ಕಲುತನದ ಗ್ರಾಮವಾಗಿದ್ದು, ಇಂದು ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿರುತ್ತದೆ. ಇದರ ಆಸುಪಾಸಿನಲ್ಲಿ ಉಣಕಲ್ ಕೆರೆ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯ, ನೃಪತುಂಗ ಬೆಟ್ಟ, ಅಮರಗೋಳದ ಬನಶಂಕರಿ ಹಾಗೂ ಶಂಕರಲಿಂಗ ದೇವಾಲಯಗಳು ಇರುವುದರಿಂದ ಪರಸ್ಥಳದ ಜನರೂ ಇತ್ತ ಬರುತ್ತಾರೆ. ಅವರಿಂದ ಅಂಗಡಿಕಾರರಿಗೂ ವಾಹನದವರಿಗೂ ಲಾಭವುಂಟು. ಆದರೆ ಈ ಸ್ಥಳಗಳ ಚೆಲುವು ಯಾರ ಭೂಮಿಯನ್ನು ಅವಲಂಬಿಸಿದೆ ಎಂಬುದನ್ನು ಗ್ರಾಮಪ್ರಮುಖರೂ ಜಮೀನುದಾರರೂ ಆಲೋಚಿಸುವುದು ಅತ್ಯವಶ್ಯವು.

ಕೆರೆಯು ಏರಿ, ತೂಬುಗಳಿಂದಷ್ಟೇ ಆದುದಲ್ಲ. ಮೇಲ್ಬದಿಯ ಹೊಲಗಳಲ್ಲಿ ಬಿದ್ದ ಮಳೆಯ ನೀರು ಹಳ್ಳಗಳ ಮೂಲಕ ಹರಿದು ಬಂದರೆ ಮಾತ್ರ ಅದು ತುಂಬತಕ್ಕದ್ದು. ಹೊಲಕ್ಕೆ ಬದು ಇಲ್ಲದಿದ್ದರೆ ಎರೆಮಣ್ಣು ಕೊಚ್ಚಿಹೋಗಿ ಹೊಲವು ಬಡವಾಗುವುದು. ಅದೇ ಮಣ್ಣು ಹೂಳಾಗಿ ಕೂತು ಕೆರೆಯೂ ಬಡವಾಗುವುದು. ಸುತ್ತಲಿನ ಬಡಾವಣೆಗಳ ಹೊಲಸು ನೀರು ಸೇರಿದ್ದರಿಂದ ಉಣಕಲ್ ಕೆರೆಯಲ್ಲಿ ಅಂತರಗಂಗೆಯು ಮೇಲಿಂದ ಮೇಲೆ ಹಬ್ಬಿರುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆಯು ಹೊಲಸಿನಲ್ಲಿಯ ಸಾರಜನಕ, ರಂಜಕಗಳನ್ನುಂಡು ಬೆಳೆಯುವುದರಿಂದ, ಹೊಲಸು ನಿಲ್ಲದ ಹೊರತು ಎಷ್ಟು ಸಲ ಕಿತ್ತರೂ ಮರಳಿ ಬರುವುದು.

ದೇವಾಲಯದ ವಿಷಯವೂ ಹೀಗೆಯೇ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚಂದ್ರಮೌಳೇಶ್ವರ ಗುಡಿಯನ್ನು ಮನೆಗಳು ಒತ್ತಿ ನಿಂತಿವೆ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯ ಮೇರೆಗೆ, ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧವು. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಇದು ಭೂಮಾಲಿಕರಿಗೆ ನಷ್ಟವಾಗಿ ತೋರುವುದು ಸಹಜ. ಆದರೆ ಗುಡಿಯೇ ಕಾಣದಂತಾದ ಮೇಲೆ ನೋಡಲು ಬರುವವರಾದರೂ ಯಾರು?

ನೆರೆಯ ನವಲೂರಿನಲ್ಲಿ ಹೆಸರುವಾಸಿಯಾದ ಪೇರಲ ತೋಟಗಳು ನಿವೇಶನಗಳಾದುದನ್ನು ಎಲ್ಲರೂ ಬಲ್ಲರು. ಅನೇಕ ವರ್ಷಗಳ ಫಸಲಿನಿಂದ ಬಾರದ ಹಣವು ಒಂದೇ ಖರೀದಿಪತ್ರದಿಂದ ಬರುವಾಗ ಮಾರಿದವರನ್ನು ದೂಷಿಸಿ ಫಲವಿಲ್ಲ. ಆದರೂ ಮಾರಿದವನಿಗೆ ಲಾಭವು ಒಂದೇ ಸಲ; ಹಳ್ಳ ಮುಚ್ಚಿದರೆ ಅದರ ಹಾನಿಯನ್ನು ಉಳಿದವರು ಪ್ರತಿ ಮಳೆಗಾಲದಲ್ಲಿ ಅನುಭವಿಸತಕ್ಕದ್ದಾಗುತ್ತದೆ. ಕೆರೆ, ಗುಡಿ, ಹೊಲಗಳು ಅಸಲು. ಪ್ರವಾಸಿಗರಿಂದ ಬರುವ ಉತ್ಪನ್ನವು ಬಡ್ಡಿ. ಅಸಲನ್ನೇ ತಿಂದು ಬಡ್ಡಿಯನ್ನು ಬಯಸುವುದು ಯಾವ ಲೆಕ್ಕದಲ್ಲಿಯೂ ಕೂಡದು.

ಆದಕಾರಣ ಪ್ರಮುಖರು ಮೂರು ಸಂಗತಿಗಳನ್ನು ನಡೆಸುವುದು ಯೋಗ್ಯವು. ಮೊದಲನೆಯದಾಗಿ, ಕೆರೆಗೆ ನೀರು ತರುವ ಹಳ್ಳಗಳನ್ನು ಮೋಜಣಿ ಮಾಡಿಸಿ ಕಲ್ಲು ನೆಡಿಸಬೇಕು. ಜಮೀನು ಮಾರುವಾಗ ಹಳ್ಳದ ಜಾಗವನ್ನು ಬಿಟ್ಟೇ ಮಾರಬೇಕು. ಎರಡನೆಯದಾಗಿ, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಬದುವಿನ ಮೇಲೆ ಹುಲ್ಲನ್ನೂ ಹಳ್ಳದ ದಂಡೆಯಲ್ಲಿ ಮರಗಳನ್ನೂ ಬೆಳೆಸಬೇಕು. ಮೂರನೆಯದಾಗಿ, ಬಂದವರಿಗೆ ಇಲ್ಲಿಯ ಪೇರಲ, ಮಾವು, ಹಾಲು-ಮೊಸರುಗಳನ್ನು ರೈತರೇ ಮಾರುವ ಏರ್ಪಾಡಾಗಬೇಕು. ಧಾರವಾಡಿ ಎಮ್ಮೆಯು 2021ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದಿದೆ. ಧಾರವಾಡ ಪೇಡೆಯ ಹೆಸರು ದೇಶವೆಲ್ಲ ಹಬ್ಬಿದೆ. ಇಂಥ ಹೆಸರಿನ ಲಾಭವು ಒಕ್ಕಲಿಗನಿಗೂ ದೊರೆತರೆ ಭೂಮಿಯನ್ನು ಉಳಿಸಿಕೊಳ್ಳಲು ಆತನಿಗೂ ಕಾರಣವಿರುವುದು.

ಹೊಲಸು ನೀರನ್ನು ತಡೆಯುವುದು ಮಹಾನಗರಪಾಲಿಕೆಯ ಕರ್ತವ್ಯವೆಂಬುದು ನಿಜ. ಅದನ್ನು ಒತ್ತಿ ಕೇಳುವ ಹಕ್ಕು ಜನರಿಗಿದೆ. ತಮ್ಮ ಪಾಲಿನ ಹಳ್ಳವನ್ನು ಮುಚ್ಚದೆ ಕಾಪಾಡಿದವರ ಮಾತಿಗೆ ಅಲ್ಲಿ ಹೆಚ್ಚಿನ ತೂಕವಿರುವುದು.