ಕೂತರೆ ಕೂಲಿ ಖೋತಾ!

ಪೇಟೆ ಬೀದಿಯ ಯಾವ ಬಟ್ಟೆ ಅಂಗಡಿಗಾದರೂ ಹೋಗಿ ನೋಡಿ ಸ್ವಾಮಿ. ಗಿರಾಕಿಗೆ ಕುರ್ಚಿ, ಗಲ್ಲಾದಲ್ಲಿ ಸಾಹುಕಾರರಿಗೆ ಮೆತ್ತೆ. ಸೀರೆ ಬಿಚ್ಚಿ ತೋರಿಸೋ ಹುಡುಗಿಗೆ? ಬೆಳಿಗ್ಗೆಯಿಂದ ನಿಂತೇ ಇರಬೇಕು. ಗಿರಾಕಿ ಇಲ್ಲದ ಮಧ್ಯಾಹ್ನವೂ ಗೋಡೆಗೆ ಒರಗುವಂತಿಲ್ಲ. ಕೂತದ್ದು ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಬೈಗುಳದ ಜತೆ ಕೂಲಿಗೂ ಕತ್ತರಿ. ಹತ್ತು ನಿಮಿಷ ತಡವಾಗಿ ಬಂದರೆ ಗಡಿಯಾರ ತೋರಿಸ್ತಾರೆ. ರಾತ್ರಿ ಒಂದು ಗಂಟೆ ಹೆಚ್ಚಿಗೆ ನಿಲ್ಲಿಸಿಕೊಂಡಾಗ ಅದೇ ಗಡಿಯಾರ ಯಾರಿಗೂ ಕಾಣೋದಿಲ್ಲ! ಕೊನೇ ಬಸ್ಸಲ್ಲಿ ಸೀಟು ಸಿಕ್ಕರೆ ಆಗ ಆಕೆಗೆ ಕೂರುವ ಭಾಗ್ಯ.

ದಿನಕ್ಕೆ 9 ಗಂಟೆ, ಮೇಲಿನದಕ್ಕೆ ಎರಡು ಪಟ್ಟು ಕೂಲಿ ಅನ್ನುತ್ತೆ ನಮ್ಮ 1961ರ ಅಂಗಡಿ ಕಾಯಿದೆ. ಕಲ್ಲಿಕೋಟೆಯಲ್ಲಿ ಹೊಲಿಗೆ ಕೆಲಸದ ಪಿ. ವಿಜಿ ಅಂಗಡಿ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು. 2018ರಲ್ಲಿ ಕೇರಳ ಕೂರುವ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡು.

ಸಾಹುಕಾರರೇ, ಎರಡು ಸ್ಟೂಲು ತಂದು ಹಾಕೋದಕ್ಕೂ ಸರ್ಕಾರದ ಅಪ್ಪಣೆ ಬೇಕೆ?