ಪ್ರಯೋಗಶಾಲೆಯ ಕಿಟಕಿಯಿಂದ: ಸೂರ್‌ನ ಯೂರಿಯಾ

ಪರದೇಶದಲ್ಲಿ ವ್ಯಾಪಾರ ಬೆಳೆಸಹೊರಟ ಕಂಪನಿಯು ಮಾಲನ್ನು ಹಡಗಿಗೇರಿಸಿ ಕಳಿಸಬಹುದು, ತಯಾರಿಕೆಯ ಪರವಾನಗಿಯನ್ನು ಅಲ್ಲಿನವರಿಗೆ ಮಾರಬಹುದು, ಪಾಲುದಾರರನ್ನು ಹುಡುಕಬಹುದು, ಇಲ್ಲವೇ ಪೂರ್ತಿ ತನ್ನದೇ ಕಾರ್ಖಾನೆ ಕಟ್ಟಬಹುದು. ಇವುಗಳಲ್ಲಿ ಯಾವುದು ಮೇಲು ಎಂದು ಅಲ್ ಹೈಲ್‌ನ ನಮ್ಮ ಮಿತ್ರಕೂಟದಲ್ಲಿ ವಾದವೆದ್ದಾಗಲೆಲ್ಲ ನಾನು ಸೂರ್ ಕಡೆಗೆ ಕೈ ತೋರಿಸುತ್ತೇನೆ. ರಸಾಯನದವನ ಚಪಲ, ಓದುಗರು ಕ್ಷಮಿಸಬೇಕು.

ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಸಾರಜನಕ ಮತ್ತು ಜಲಜನಕ. ಸಾರಜನಕ ಗಾಳಿಯಲ್ಲಿ ಪುಕ್ಕಟೆ, ಖರ್ಚೆಲ್ಲ ಜಲಜನಕಕ್ಕೆ. ನಮ್ಮ ಪಣಂಬೂರಿನ ಕಾರ್ಖಾನೆ 1976ರಿಂದ ದಶಕಗಳ ಕಾಲ ಅದನ್ನು ದುಬಾರಿ ನ್ಯಾಫ್ತಾದಿಂದಲೇ ತೆಗೆಯಿತು. ಕೊಚ್ಚಿ–ಮಂಗಳೂರು ಅನಿಲ ಕೊಳವೆ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ! ಒಮಾನಿನಲ್ಲಿ ಅನಿಲವಿತ್ತು, ಗೊಬ್ಬರ ಬೇಡುವ ಗದ್ದೆಗಳು ಕಡಿಮೆ. ಅನಿಲವನ್ನು ಹಡಗಿನಲ್ಲಿ ಒಯ್ಯಬೇಕಾದರೆ ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಬೇಕು. ಯೂರಿಯಾ ಹರಳಿಗೆ ಆ ರಗಳೆಯಿಲ್ಲ.

ಹೀಗೆ ಇಫ್ಕೋ ಮತ್ತು ಕ್ರಿಭ್ಕೋ, ಎರಡೂ ಸಹಕಾರಿ ಸಂಸ್ಥೆಗಳು, ತಲಾ ನೂರಕ್ಕೆ 25ರಷ್ಟು ಪಾಲು ಹಾಕಿದವು. ಉಳಿದ 50 ಆಗಿನ ಒಮಾನ್ ಆಯಿಲ್ ಕಂಪನಿಯದು. 2005ರಲ್ಲಿ ಉತ್ಪಾದನೆ ಆರಂಭ, ಸಾಮರ್ಥ್ಯ ವರ್ಷಕ್ಕೆ ಸುಮಾರು 16.5 ಲಕ್ಷ ಟನ್ ಯೂರಿಯಾ. 15 ವರ್ಷ ಕೊಳ್ಳುವುದಾಗಿ ಭಾರತ ಸರ್ಕಾರ ಒಪ್ಪಂದ ಮಾಡಿಕೊಂಡಿತು.

ಪರವಾನಗಿ ಮಾರುವ ಪ್ರಶ್ನೆ ಇಲ್ಲಿರಲಿಲ್ಲ. ಅಮೋನಿಯಾ ವಿಧಾನ ಡೆನ್ಮಾರ್ಕಿನದು, ಯೂರಿಯಾ ವಿಧಾನ ಇಟಲಿಯದು. ನಮ್ಮವರ ಕೈಯಲ್ಲಿದ್ದುದು ಗಿರಾಕಿ. ಬಿಡದಿಯಲ್ಲಿ ಕಿರ್ಲೋಸ್ಕರರ ಜೊತೆ 1997ರಲ್ಲಿ ಬಂದ ಟೊಯೋಟಾ ಕತೆ ತಿರುಗುಮುರುಗು: ಅಲ್ಲಿ ವಿದ್ಯೆ ಬಂದವನದು.

ಪೂರ್ತಿ ಸ್ವಂತ ಮಾಡಿಕೊಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಒಮಾನಿನ 1994ರ ಕಾಯಿದೆ ಸಾಮಾನ್ಯವಾಗಿ ಸ್ಥಳೀಯ ಪಾಲು ಕೇಳುತ್ತಿತ್ತು. 2020ರ ಜನವರಿಯಿಂದ ಬಹುತೇಕ ವ್ಯವಹಾರಗಳಲ್ಲಿ ಆ ಕಟ್ಟು ಸಡಿಲವಾಗಿದೆ. ಆದರೂ ನನ್ನ ಮಟ್ಟಿಗೆ ಇಂಥ ಕಾರ್ಖಾನೆಗೆ ಕಾಯಿದೆ ಮುಖ್ಯವಲ್ಲ. ಅನಿಲದ ಕೀಲಿ ಸರ್ಕಾರದ ಕೈಯಲ್ಲಿರುವಾಗ ಆ ಕೈಯೂ ಲಾಭದಲ್ಲಿ ಭಾಗಿಯಾಗಿರುವುದೇ ಕ್ಷೇಮ.

ತೊಡಕು ಬೇರೆಡೆ ಇದೆ. ನಮ್ಮ ಸಂಸ್ಥೆಗಳು ಪಾಲುದಾರರಾಗಿ ಯೂರಿಯಾ ಬೆಲೆ ಏರಲಿ ಎನ್ನಬೇಕು. ಅವುಗಳ ಸದಸ್ಯರಾದ ರೈತರ ದೇಶ ಕೊಳ್ಳುವವನಾಗಿ ಇಳಿಯಲಿ ಎನ್ನಬೇಕು. ಒಪ್ಪಂದದ ಅವಧಿಯಲ್ಲಿ ಈ ಜಗಳ ಮಲಗಿರುತ್ತದೆ, ಮುಗಿದೊಡನೆ ಎದ್ದು ಕೂರುತ್ತದೆ. ಮಂಡ್ಯದ ಅಂಗಡಿಯಲ್ಲಿ ಚೀಲ ಕೊಳ್ಳುವ ರೈತನಿಗೆ ಇದರ ಬಿಸಿ ತಟ್ಟುವುದಿಲ್ಲ: ಅಲ್ಲಿನ ಬೆಲೆ ಸರ್ಕಾರವೇ ಗೊತ್ತುಮಾಡಿದ್ದು, ವ್ಯತ್ಯಾಸ ಬೊಕ್ಕಸದಿಂದ ಹೋಗುತ್ತದೆ.