ನಿಂತು ಕೆಟ್ಟ ಎಂಜಿನು

ಕರಾವಳಿಯನ್ನು ಬಿಟ್ಟು ಪರಊರಿನಲ್ಲಿ ನೆಲೆಸಿದ ನಮ್ಮ ವಾಚಕರಲ್ಲಿ ಕೆಲವರಿಗೆ ಊರಿನಿಂದ ಒಂದು ಬೇಡಿಕೆ ಬರುವುದುಂಟು: "ಅಣ್ಣಾ, ದೋಣಿಗೆ ಆಗುವಂಥ ಹಳೆಯ ಎಂಜಿನು ಅಗ್ಗಕ್ಕೆ ಸಿಕ್ಕೀತೇ ನೋಡು." ತಮ್ಮ ಕಳುಹಿಸುವುದು ಒಡವೆ ಅಡವಿಟ್ಟ ಹಣ, ಆ ಎಂಜಿನನ್ನು ನಂಬಿ ಕಡಲಿಗೆ ಇಳಿಯುವವರು ನಾಲ್ಕಾರು ಜನ. ಆದುದರಿಂದ ಈ ಸಲದ ಅಂಕಣ ಅದಕ್ಕೇ ಮೀಸಲು. ನಾವು ಕಡತದ ಗುಮಾಸ್ತರು, ಮೆಕ್ಯಾನಿಕ್ಕರಲ್ಲ, ನಿಜ. ಆದರೆ ಹಳೆಯ ಎಂಜಿನನ್ನು ಕೊಳ್ಳುವವರಿಗೆ ಮೊದಲು ಬೇಕಾದದ್ದು ಕಡತದ ಬುದ್ಧಿಯೇ.

ಹಳೆಯ ಹಡಗಿನ ಸಾಮಾನಿನ ದೊಡ್ಡ ಪೇಟೆ ಗುಜರಾತಿನ ಅಲಂಗ್. 1983ರಿಂದ ಅಲ್ಲಿ ಹಡಗುಗಳನ್ನು ಒಡೆಯುತ್ತಾರೆ. ನಮಗೆ ಉಪಯೋಗಕ್ಕೆ ಬರುವುದು ಹಡಗಿನ ಜೀವರಕ್ಷಕ ದೋಣಿಯ ಚಿಕ್ಕ ಡೀಸೆಲ್ ಎಂಜಿನು. ಅಂತರರಾಷ್ಟ್ರೀಯ ನಿಯಮದಂತೆ ಅದನ್ನು ವಾರಕ್ಕೊಮ್ಮೆ ಕಡಿಮೆಯೆಂದರೆ 3 ನಿಮಿಷ ಓಡಿಸಬೇಕು. ಲೆಕ್ಕ ಹಾಕಿ ನೋಡೋಣ: ವರ್ಷಕ್ಕೆ 156 ನಿಮಿಷ, 25 ವರ್ಷಕ್ಕೆ 65 ಗಂಟೆ. ಮೀನುದೋಣಿಗೆ ಇದು ಕೆಲವೇ ದಿನಗಳ ಓಟ!

"ಓಡಿಯೇ ಇಲ್ಲ ಸಾಹೇಬರೇ" ಎಂದು ವ್ಯಾಪಾರಿ ಹೇಳುವುದು ಹೀಗೆ ಸುಳ್ಳಾಗಿರಲಾರದು. ಆದರೆ ಓಡದಿದ್ದುದೇ ಅದರ ರೋಗ. ಮೂರು ನಿಮಿಷದಲ್ಲಿ ಎಂಜಿನು ಸರಿಯಾಗಿ ಬಿಸಿಯಾಗದು, ಒಳಗಿನ ತೇವ ಆರದು. ಉಪ್ಪುಗಾಳಿಗೆ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ಸವೆದದ್ದಕ್ಕಿಂತ ನಿಂತು ಕೆಟ್ಟದ್ದನ್ನೇ ನಾವು ಹುಡುಕಬೇಕು.

ಮೊದಲು ಗುರುತು. ಬಣ್ಣವನ್ನು ಯಾರು ಬೇಕಾದರೂ ಬಳಿದಾರು. ಹೆಸರಿನ ಫಲಕವೂ ಎರಡು ರಿವೆಟಿನ ಮಾತು. ಎರಕದ ಮೈಮೇಲೆ ಒತ್ತಿದ ಸಂಖ್ಯೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಓದಿ, ಫಲಕದೊಡನೆ ತಾಳೆ ನೋಡತಕ್ಕದ್ದು. ಕೆಲವು ಹೆಸರುಗಳೇ ಜಾತಕ ಹೇಳುತ್ತವೆ. ಹಳೆಯ ದೋಣಿಗಳ ಪರ್ಕಿನ್ಸ್ 4.236 ಎಂದರೆ 4 ಸಿಲಿಂಡರು, 236 ಘನ ಅಂಗುಲ, ಅಂದರೆ ಸುಮಾರು 3.86 ಲೀಟರು. ಇದೇ ಎಂಜಿನು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿಯೂ ಇತ್ತು. ಆದುದರಿಂದ ಅದರ ಪಿಸ್ಟನ್ನು, ಬೇರಿಂಗುಗಳನ್ನು ಟ್ರ್ಯಾಕ್ಟರಿನ ಅಂಗಡಿಯಲ್ಲಿಯೂ ಕೇಳಬಹುದು. ಕಷ್ಟವಾಗುವುದು ಕಡಲಿಗೆಂದು ಜೋಡಿಸಿದ ಭಾಗಗಳಿಗೆ: ಉಪ್ಪುನೀರಿನ ಪಂಪು, ನೀರು ಸುತ್ತುವ ಹೊಗೆಕೊಳವೆ, ಸಿಹಿನೀರನ್ನು ತಣಿಸುವ ಪೆಟ್ಟಿಗೆ. ಇವಿಲ್ಲದ ಎಂಜಿನು ಎಷ್ಟು ಅಗ್ಗವಾದರೂ ದುಬಾರಿಯೇ.

ತಂದಮೇಲೆ ಬ್ಯಾಟರಿ ಕೊಟ್ಟು ತಿರುಗಿಸುವ ಆತುರ ಬೇಡ. ಇಂಜೆಕ್ಟರುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಯಲು ಬಿಡಬೇಕು. ಅನಂತರ ಸ್ಪ್ಯಾನರು ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಹಳೆಯ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ; ಅದು ಎಲ್ಲಿಂದ ಬಂತೆಂದು ತಿಳಿಯದೆ ಮುಂದುವರಿಯಬಾರದು. ಎಣ್ಣೆ, ಸೋಸುಕಗಳು, ಪಂಪಿನ ರಬ್ಬರು ಚಕ್ರ, ಇವು ಹೊಸತೇ ಆಗಲಿ. ಸತುವಿನ ಕಡ್ಡಿ ಸವೆದಿದ್ದರೆ ಅದನ್ನೂ ಬದಲಿಸಿ. ತಾನು ಸವೆದು ಉಳಿದ ಲೋಹವನ್ನು ಕಾಯುವುದೇ ಅದರ ಕೆಲಸ. ಇಂಜೆಕ್ಟರುಗಳನ್ನು ವರ್ಕ್‌ಶಾಪಿನಲ್ಲಿಯೇ ಪರೀಕ್ಷೆ ಮಾಡಿಸಿ. ಅವುಗಳ ತುಂತುರಿಗೆ ಕೈಯೊಡ್ಡಿದರೆ ಡೀಸೆಲ್ಲು ಚರ್ಮವನ್ನು ತೂರಿ ಒಳಹೋಗುತ್ತದೆ.

ಮೊದಲ ಸಲ ಓಡಿಸುವಾಗ ನೀರು ಸುತ್ತುವಂತಿರಬೇಕು. ಜತೆಗೆ ಗಾಳಿಯ ಬಾಯನ್ನು ಮುಚ್ಚುವಂಥ ಮರದ ಹಲಗೆಯೊಂದು ಪಕ್ಕದಲ್ಲಿರಲಿ. ಡೀಸೆಲ್ ಎಂಜಿನು ಒಮ್ಮೊಮ್ಮೆ ತನ್ನ ಎಣ್ಣೆಯನ್ನೇ ಕುಡಿದು ಹುಚ್ಚೆದ್ದು ಓಡುತ್ತದೆ. ಗಾಳಿ ಕಟ್ಟಿದರೇ ನಿಲ್ಲುವುದು. ಅಂಗೈಯಿಂದ ಮುಚ್ಚಲು ಹೋಗಕೂಡದು. ಎಲ್ಲವೂ ಸರಿಯೆಂದು ಕಂಡರೂ, ದೋಣಿಯನ್ನು ದಕ್ಕೆಗೆ ಕಟ್ಟಿ ಗಂಟೆಗಟ್ಟಲೆ ಓಡಿಸಿ ನೋಡಿದ ಮೇಲೆಯೇ ಕಡಲಿನ ಮಾತು.

ಕೊನೆಗೆ ಗುಮಾಸ್ತರ ಸಲಹೆ. ಎಂಜಿನಿನ ಸಂಖ್ಯೆ, ಬದಲಿಸಿದ ಭಾಗ, ಎಣ್ಣೆ ಹಾಕಿದ ತಾರೀಖು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಡಬ್ಬಿಯಲ್ಲಿಟ್ಟು ಎಂಜಿನಿನ ಜತೆಗೇ ಊರಿಗೆ ಕಳುಹಿಸಿ. ನಾಳೆ ಬಿಡಿಭಾಗ ಬೇಕಾದಾಗ ತಮ್ಮ "ಹಸಿರು ಬಣ್ಣದ್ದು" ಎಂದು ಫೋನಿನಲ್ಲಿ ವರ್ಣಿಸಬೇಕಾಗಿಲ್ಲ; ಆ ಸಂಖ್ಯೆಯನ್ನು ಓದಿ ಹೇಳಿದರೆ ಸಾಕು.